ಸಂತೆಯ ಚೀಟಿಯೂ ಪಾಠವೇ

ಪಾಲಕರೇ, 'ಈ ವಾರ ನೋಟುಪುಸ್ತಕದಲ್ಲಿ ಏನೂ ಬರೆಸಿಲ್ಲ, ಬರೀ ಆಟ' ಎಂದು ಶಿಕ್ಷಕರನ್ನು ದೂರುವ ಮುನ್ನ ತುಸು ತಾಳಿ. ಕಾಳು ಎಣಿಸುವುದು, ಅಕ್ಷರದ ಕಾರ್ಡು ಜೋಡಿಸುವುದು, ಕಥೆ ಹೇಳುವುದು ಇವೂ ಪಾಠವೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ-ಕಲಿ' ಹೀಗೆಯೇ ಕರ್ನಾಟಕದಾದ್ಯಂತ ಹಬ್ಬಿತು. ತಮಿಳುನಾಡಿನ 'ಎಣ್ಣುಂ ಎಳುತ್ತುಂ' ಯೋಜನೆಯೂ 2022ರಿಂದ ಇದೇ ದಾರಿ ಹಿಡಿದಿದೆ.

ಆದರೆ ಗಡಿಯಾಚೆ ಇರುವ ನಮಗೆ ಇನ್ನೊಂದು ಹೊಣೆಯಿದೆ. ಮೆಟ್ಟುಪಾಳ್ಯಂ ಪಕ್ಕದ ಸಿರುಮುಗೈ ನೋಡಿ. ಅಲ್ಲಿ ಎಷ್ಟೋ ನೇಕಾರರ ಮನೆಮಾತು ಕನ್ನಡ, ಓದು ಬರಹ ತಮಿಳು. ಮನೆಯಲ್ಲಿ ಆಡಿದರೆ ಮಾತು ಉಳಿಯುತ್ತದೆ. ಅಕ್ಷರ ಹಾಗೆ ಉಳಿಯದು. 2006ರ ಕಾಯ್ದೆಯಿಂದ ಶಾಲೆಯಲ್ಲಿ ತಮಿಳು ಕಡ್ಡಾಯ. ಕಲಿಯಲಿ, ಬದುಕಿಗೆ ಬೇಕು. ಕನ್ನಡಕ್ಕೆ ಉಳಿಯುವ ಹೊತ್ತನ್ನು ಬರೀ ನಕಲು ಬರೆಸಿ ಕಳೆಯುವುದು ಬೇಡ.

ನೀವು ವಾರಕ್ಕೊಂದು ಕೆಲಸ ಮಾಡಿ. ಸಂತೆಗೆ ಹೊರಡುವಾಗ ಸಾಮಾನಿನ ಚೀಟಿಯನ್ನು ಮಗುವಿನಿಂದಲೇ ಕನ್ನಡದಲ್ಲಿ ಬರೆಸಿ: ಬಾಳೆಹಣ್ಣು, ಆಲೂಗಡ್ಡೆ, ಬೆಳ್ಳುಳ್ಳಿ. ಅಂಗಡಿಯ ಮುಂದೆ ಅದೇ ಓದಿ ಹೇಳಲಿ, ಮನೆಗೆ ಬಂದು ಲೆಕ್ಕ ಕೂಡಲಿ. ಒತ್ತಕ್ಷರ ತಪ್ಪಿದರೆ ಗದರಬೇಡಿ. ಸೋಮವಾರ ಆ ಚೀಟಿಯನ್ನು ಶಾಲೆಗೆ ಕಳಿಸಿ. ಶಿಕ್ಷಕರ ಮುಂದಿನ ಚಟುವಟಿಕೆ ಆ ತಪ್ಪಿನಿಂದಲೇ ಶುರುವಾಗಲಿ.