ನೆಟ್ಟವರು ಹೋದರು, ತೋಟ ಉಳಿಯಿತು

ರಜೆ ಬಂತೆಂದರೆ ನಮ್ಮ ಕುಂದಾಪುರ, ಕೋಟೇಶ್ವರ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರಿನ ನೆಂಟರ ಮನೆಗೆ ಹೊರಡುತ್ತವೆ. ಅಲ್ಲಿ ಮಕ್ಕಳಿಗೆ ಲಾಲ್‌ಬಾಗ್ ತೋರಿಸುವುದೂ ಇದೆ. ಆದರೆ ಆ ತೋಟವನ್ನು ಯಾರು ಮಾಡಿದರು, ಇಷ್ಟು ಕಾಲ ಅದು ಹೇಗೆ ಉಳಿಯಿತು ಎಂದು ಮಕ್ಕಳಿಗೆ ಹೇಳುವವರು ಕಡಿಮೆ.

1760ರಲ್ಲಿ ಹೈದರಲಿ ಇದನ್ನು ಆರಂಭಿಸಿದರು. ಶಿರಾದಲ್ಲಿದ್ದ ಮೊಗಲರ ತೋಟವೇ ಇದಕ್ಕೆ ಮಾದರಿ. ಆಗ ಇದ್ದದ್ದು ಸುಮಾರು 40 ಎಕರೆ. ಮಗ ಟಿಪ್ಪು ಸುಲ್ತಾನ್ ಪರ್ಷಿಯಾ, ಕಾಬೂಲ್, ಟರ್ಕಿ, ಮಾರಿಷಸ್‌ಗಳಿಂದ ಬೀಜ, ಸಸಿಗಳನ್ನು ತರಿಸಿ ಬೆಳೆಸಿದರು. ಯುದ್ಧಗಳ ನಡುವೆಯೂ ಗಿಡಗಳ ಚಿಂತೆ ಅವರನ್ನು ಬಿಟ್ಟಿರಲಿಲ್ಲ!

1799ರಲ್ಲಿ ಟಿಪ್ಪು ರಣರಂಗದಲ್ಲಿ ಮಡಿದರು. ತೋಟ ಬ್ರಿಟಿಷರ ಕೈಗೆ ಹೋಯಿತು. ಗೆದ್ದವರು ಅದನ್ನು ಸೋತವರ ತೋಟವೆಂದು ಕಡಿದು ಹಾಕಲಿಲ್ಲ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ ನೋಡಿಕೊಂಡ ಜಾನ್ ಕ್ಯಾಮರೂನ್ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ನಾವು ಸಾರು, ಪಲ್ಯಕ್ಕೆ ಹಾಕುವ ಸೀಮೆಬದನೆಯನ್ನು ಇಲ್ಲಿಗೆ ಪರಿಚಯಿಸಿದವರೂ ಅವರೇ. ಅನಂತರ ಜರ್ಮನಿಯ ಕ್ರುಂಬಿಗಲ್, ಆಮೇಲೆ ನಮ್ಮವರೇ ಆದ ಜವರಾಯ, ಮರೀಗೌಡ ತೋಟದ ಹೊಣೆ ಹೊತ್ತರು. ದೇಶ ಬೇರೆ, ಧರ್ಮ ಬೇರೆ, ಭಾಷೆ ಬೇರೆ. ಗಿಡಕ್ಕೆ ನೀರು ಹಾಕುವ ಕೆಲಸ ಮಾತ್ರ ನಿಲ್ಲಲಿಲ್ಲ.

ಈಗ ತೋಟ ಸುಮಾರು 240 ಎಕರೆ ಇದೆ. ಸ್ವಾತಂತ್ರ್ಯೋತ್ಸವ ಮತ್ತು ಗಣರಾಜ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಕೆರೆಯಿದೆ, ಕೆಂಪೇಗೌಡರ ಹೆಸರಿನ ಗೋಪುರವಿದೆ. ಆ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಕ್ಕಳನ್ನು ಅದರ ಮೇಲೆ ನಿಲ್ಲಿಸಿ ಈ ಮಾತು ಹೇಳಿ ನೋಡಿ.

ಸಹೋದರಿಯರೇ, ಲಾಲ್‌ಬಾಗ್‌ನ ನೆರಳನ್ನು ಮೆಚ್ಚಿ ಬರುವ ನಾವು ಊರಿನಲ್ಲಿ ಏನು ಮಾಡುತ್ತಿದ್ದೇವೆ? ಹೊಸ ಮನೆ ಕಟ್ಟುವಾಗ ಅಜ್ಜಿ ನೆಟ್ಟ ಹಲಸು, ಮಾವು ಮೊದಲು ಉರುಳುತ್ತದೆ. ಎಲೆ ಉದುರಿ ಕಸವಾಗುತ್ತದೆಂದು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುತ್ತೇವೆ. ಮಳೆನೀರು ಇಂಗದೆ ರಸ್ತೆಗೆ ಹರಿಯುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಟ್ಯಾಂಕರಿಗೆ ಕಾಯುತ್ತೇವೆ.

ನಮಗೆ ನಲವತ್ತು ಎಕರೆ ಬೇಡ, ಅಂಗಳದ ಒಂದು ಮೂಲೆ ಸಾಕು. ಮಳೆಗಾಲ ಶುರುವಾದಾಗ ಮಗುವಿನ ಕೈಯಿಂದಲೇ ಒಂದು ಹಲಸಿನ ಸಸಿ ನೆಡಿಸಿ. ವುಝೂ ಮಾಡಿದ ನೀರು, ಅಕ್ಕಿ ತೊಳೆದ ನೀರು ಅದರ ಬುಡಕ್ಕೆ ಹೋಗಲಿ. ಮೊದಲ ಎರಡು ಬೇಸಿಗೆ ಅದನ್ನು ಕಾಪಾಡುವ ಹೊಣೆ ಆ ಮಗುವಿನದೇ ಇರಲಿ.