ಕದ್ದ ಹೆಸರು, ಜಾರಿದ ಚೀಟಿ

ಪರೀಕ್ಷಾಮಂದಿರದಲ್ಲಿ ಮೂರು ಗಂಟೆಗಳ ಕಾಲ ಮಾತಿಲ್ಲದೆ ಓಡಾಡುವುದು ಅಧ್ಯಾಪಕನ ಪಾಲಿಗೆ ವರ್ಷಕ್ಕೆರಡು ಸಲ ಒದಗುವ ವನವಾಸ. ಕಳೆದ ವಾರ ಒಂದು ದಿನದ ವನವಾಸವನ್ನು ಮುಗಿಸಿ ಮನೆಗೆ ಬಂದಾಗ ನನ್ನ ಹಳೆಯ ಶಿಷ್ಯನೊಬ್ಬ ಕಾಫಿ ಕುಡಿಯುತ್ತ ಕುಳಿತಿದ್ದ. ನ್ಯಾಯಶಾಸ್ತ್ರದ ಮೇಲ್ತರಗತಿಯಲ್ಲಿ ಓದುತ್ತಿದ್ದಾನೆ. ವಿಷಯ ಯಾವುದೆಂದು ವಿಚಾರಿಸಿದೆ. "ಚೀನದ ರಾಜ್ಯಾಂಗ ಮತ್ತು ಆಡಳಿತ ನ್ಯಾಯ, ಸಾರ್" ಎಂದ.

"ಅಲ್ಲಪ್ಪ, ನಮ್ಮ ದೇಶದ ಕಾನೂನನ್ನೆಲ್ಲ ಓದಿ ಮುಗಿಸಿಬಿಟ್ಟೆಯೋ?" ಎಂದು ಒಳಗಿನಿಂದ ನನ್ನಾಕೆಯ ಪ್ರಶ್ನೆ ಬಂತು.

ಹುಡುಗ ನಕ್ಕ. "ಸಾರ್, ನಿಮ್ಮ ಕಸುಬಿಗೇ ಸಂಬಂಧಪಟ್ಟ ಎರಡು ಮೊಕದ್ದಮೆಗಳಿವೆ, ಕೇಳಿ" ಎಂದು ಆರಂಭಿಸಿದ. ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ವಾಚಕರ ಮುಂದಿಡುತ್ತಿದ್ದೇನೆ.

ಚೀನದಲ್ಲಿ ಈಗ ಜಾರಿಯಲ್ಲಿರುವ ರಾಜ್ಯಾಂಗ 1982ರ ಡಿಸೆಂಬರ್ 4ರಂದು ಅಂಗೀಕೃತವಾದುದು. 1954, 1975, 1978ರ ಮೂರು ರಾಜ್ಯಾಂಗಗಳು ಅದಕ್ಕೆ ಮುಂಚೆ ಬಂದು ಹೋದವು. ನಮ್ಮದಕ್ಕೆ ಹೋಲಿಸಿದರೆ ತೆಳ್ಳನೆಯ ಪುಸ್ತಕ. 2018ರ ತಿದ್ದುಪಡಿಯ ಬಳಿಕವೂ ವಿಧಿಗಳು 143 ಮಾತ್ರ. ವಾಕ್‌ಸ್ವಾತಂತ್ರ್ಯವುಂಟು, ವಿದ್ಯೆಯ ಹಕ್ಕುಂಟು. ಮಾನವ ಹಕ್ಕುಗಳನ್ನು ರಾಜ್ಯವು ಗೌರವಿಸಿ ಕಾಪಾಡುವುದೆಂಬ ಮಾತು ಕೂಡ 2004ರಲ್ಲಿ ಸೇರಿದೆ. ಬರೆದಿರುವುದರಲ್ಲಿ ಕೊರತೆಯೇನೂ ಕಾಣದು. ಆದರೆ ಅದರ ಅರ್ಥವನ್ನು ಹೇಳತಕ್ಕವರು ಯಾರು? ನಮ್ಮಲ್ಲಿ ಮೂಲಭೂತ ಹಕ್ಕಿಗೆ ಚ್ಯುತಿ ಬಂದರೆ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಬಹುದು. 32ನೆಯ ವಿಧಿಯೇ ಆ ಹಕ್ಕನ್ನು ಕೊಟ್ಟಿದೆ. ಅಲ್ಲಿಯಾದರೋ ರಾಜ್ಯಾಂಗಕ್ಕೆ ಅರ್ಥ ಹೇಳುವ ಅಧಿಕಾರ ರಾಷ್ಟ್ರೀಯ ಜನತಾ ಮಹಾಸಭೆಯ ಸ್ಥಾಯೀ ಸಮಿತಿಯದು. ನ್ಯಾಯಾಧೀಶರು ಆ ಪುಸ್ತಕಕ್ಕೆ ಕೈಮುಗಿಯಬೇಕೇ ಹೊರತು ಅದನ್ನು ಬಿಚ್ಚಿ ತೀರ್ಪು ಹೇಳುವ ಪದ್ಧತಿಯಿಲ್ಲ.

ಒಮ್ಮೆ ಮಾತ್ರ ಬಿಚ್ಚಿದರು. ಬಿಚ್ಚಿಸಿದವಳು ಶಾಂಡೊಂಗ್ ಪ್ರಾಂತದ ತೆಂಗ್‌ಜೌ ಪಟ್ಟಣದ ಚೀ ಯೂಲಿಂಗ್ ಎಂಬ ಹುಡುಗಿ. 1990ರಲ್ಲಿ ಪರೀಕ್ಷೆ ಬರೆದಳು. ಜೀನಿಂಗ್ ನಗರದ ವಾಣಿಜ್ಯ ಶಾಲೆಯಲ್ಲಿ ಅವಳಿಗೆ ಸ್ಥಳ ದೊರೆಯಿತು. ಆದರೆ ಪ್ರವೇಶಪತ್ರ ಅವಳ ಕೈ ಸೇರಲೇ ಇಲ್ಲ. ಪೂರ್ವಭಾವಿ ಪರೀಕ್ಷೆಯಲ್ಲೇ ನಪಾಸಾಗಿದ್ದ ಅವಳ ಸಹಪಾಠಿಯೊಬ್ಬಳು ಶಾಲೆಯಿಂದ ಅದನ್ನು ಪಡೆದುಕೊಂಡು, ತಂದೆಯ ನೆರವಿನಿಂದ, ಯೂಲಿಂಗ್ ಎಂಬ ಹೆಸರಿನಲ್ಲಿಯೇ ಜೀನಿಂಗ್‌ಗೆ ಹೋಗಿ ಓದಿದಳು. 1993ರಲ್ಲಿ ತೇರ್ಗಡೆಯಾಗಿ ಅದೇ ಹೆಸರಿನಲ್ಲಿ ಬ್ಯಾಂಕಿನ ಕೆಲಸವನ್ನೂ ಹಿಡಿದಳು. ನಿಜವಾದ ಯೂಲಿಂಗ್ ತಾನು ಪ್ರವೇಶ ಪಡೆಯಲಾರದೆ ಹೋದೆನೆಂದೇ ನಂಬಿ ಕಾರ್ಖಾನೆ ಸೇರಿದಳು. ಒಂದೇ ಪ್ರಾಂತದಲ್ಲಿ ಒಂದೇ ಹೆಸರು ಹೊತ್ತು ಎರಡು ಬಾಳುವೆಗಳು! ಕಾದಂಬರಿಕಾರ ಬರೆದಿದ್ದರೆ ಅತಿಯಾಯಿತೆಂದು ನಾವೇ ತಳ್ಳಿಹಾಕುತ್ತಿದ್ದೆವು.

ನಿಜಾಂಶ ಹೊರಬಿದ್ದ ಮೇಲೆ, 1999ರಲ್ಲಿ ಅವಳು ದಾವೆ ಹೂಡಿದಳು. ಹೆಸರು ಕದ್ದದ್ದಕ್ಕೆ ಕಾನೂನಿತ್ತು, ವಿದ್ಯೆ ಕದ್ದದ್ದಕ್ಕೆ? ಶಾಂಡೊಂಗ್‌ನ ಉಚ್ಚ ನ್ಯಾಯಾಲಯಕ್ಕೆ ದಾರಿ ತೋರಲಿಲ್ಲ. ಸರ್ವೋಚ್ಚ ನ್ಯಾಯಾಲಯವನ್ನು ಕೇಳಿತು. 2001ರ ಆಗಸ್ಟಿನಲ್ಲಿ ಉತ್ತರ ಪ್ರಕಟವಾಯಿತು: ಹೆಸರನ್ನು ಅಪಹರಿಸುವ ಮೂಲಕ ಇವರು ರಾಜ್ಯಾಂಗವು ಈಕೆಗೆ ಕೊಟ್ಟಿದ್ದ ವಿದ್ಯೆಯ ಮೂಲಭೂತ ಹಕ್ಕನ್ನೇ ಅಪಹರಿಸಿದ್ದಾರೆ, ಹೊಣೆ ಹೊರಲಿ ಎಂದು. ಸುಮಾರು 98,000 ಯುವಾನ್ ಪರಿಹಾರ ದೊರೆಯಿತು. ಚೀನದ ರಾಜ್ಯಾಂಗಕ್ಕೆ ಜೀವ ಬಂತೆಂದು ಅಲ್ಲಿಯ ವಿದ್ವಾಂಸರು ಹಿಗ್ಗಿದರು.

ಹಿಗ್ಗು ಏಳು ವರ್ಷ ಬಾಳಿತು. 2008ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹಳೆಯ ಉತ್ತರಗಳು ಹಲವನ್ನು ರದ್ದುಗೊಳಿಸುತ್ತ ಇದನ್ನೂ ರದ್ದುಗೊಳಿಸಿತು. ಕಾರಣವೆಂದು ಬರೆದದ್ದು, 'ಇದರ ಅನ್ವಯ ನಿಂತಿದೆ' ಎಂಬಷ್ಟೇ ಅರ್ಥದ ಮಾತು. ಹಾಗೇಕೆ ನಿಂತಿತೆಂಬ ವಿವರಣೆಯಿಲ್ಲ. ಕಾರಣ ಹೇಳದೆ ಅಂಕ ಕಳೆಯುವ ಪರೀಕ್ಷಕರನ್ನು ನಾನೂ ಕಂಡಿದ್ದೇನೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ. ಚೀನದಲ್ಲಿ ಊರಿನ ಅಧಿಕಾರಿಯನ್ನು ಹಿಂದಿನ ಕಾಲದಲ್ಲಿ 'ಫುಮು ಗ್ವಾನ್' ಎನ್ನುತ್ತಿದ್ದರು; ತಂದೆತಾಯಿಯಂಥ ಅಧಿಕಾರಿ ಎಂದರ್ಥ. ತಂದೆತಾಯಿಯನ್ನು ಕೋರ್ಟಿಗೆಳೆಯುವ ಮಕ್ಕಳುಂಟೇ? ಆದರೆ ಇಂದು ಜನರ ಬಾಯಲ್ಲಿ ಇನ್ನೊಂದು ನುಡಿಯುಂಟು: 'ಮಿನ್ ಗಾವ್ ಗ್ವಾನ್', ಪ್ರಜೆ ಅಧಿಕಾರಿಯ ಮೇಲೆ ದೂರುವುದು. 1988ರಲ್ಲಿ ಜೆಜಿಯಾಂಗ್ ಪ್ರಾಂತದ ರೈತನೊಬ್ಬ ತನ್ನ ಮನೆಯನ್ನು ಕೆಡವಿದ ಜಿಲ್ಲಾ ಸರ್ಕಾರದ ಮೇಲೆ ದಾವೆ ಹೂಡಿದಾಗ ಸರ್ಕಾರದ ಮುಖ್ಯಸ್ಥನೇ ಪ್ರತಿವಾದಿಯ ಸ್ಥಾನಕ್ಕೆ ಬರಬೇಕಾಯಿತು. ರೈತ ಸೋತ. ಆದರೂ ಮರುವರ್ಷವೇ, 1989ರ ಏಪ್ರಿಲ್‌ನಲ್ಲಿ, ಆಡಳಿತ ವ್ಯಾಜ್ಯಗಳ ಶಾಸನವಾಯಿತು. 1990ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆಗ ಅದು 75 ವಿಧಿಗಳ ಸಣ್ಣ ಶಾಸನವಾಗಿತ್ತು. ದೊಡ್ಡ ಪುಸ್ತಕ ತೆರೆಯದ ಕಡೆ ಈ ಚಿಕ್ಕದು ಕೆಲವೊಮ್ಮೆ ತೆರೆಯುತ್ತದೆ.

ಎರಡನೆಯ ಮೊಕದ್ದಮೆ ಇದರದೇ. 1996ರ ಫೆಬ್ರವರಿ 29. ಬೀಜಿಂಗಿನ ಒಂದು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ಕಾಂತ ಶಾಸ್ತ್ರದ ಮರುಪರೀಕ್ಷೆ. ನಡುವೆ ಶೌಚಾಲಯಕ್ಕೆಂದು ಎದ್ದ ವಿದ್ಯಾರ್ಥಿಯೊಬ್ಬನಿಂದ ಸೂತ್ರಗಳನ್ನು ಬರೆದಿದ್ದ ಚೀಟಿಯೊಂದು ಜಾರಿ ಬಿತ್ತು. ಮೇಲ್ವಿಚಾರಕರ ಕಣ್ಣಿಗೆ ಬಿತ್ತು. ಅವನು ಅದನ್ನು ನೋಡಿ ಬರೆದುದಕ್ಕೆ ಸಾಕ್ಷ್ಯವಿರಲಿಲ್ಲ. ವಿಶ್ವವಿದ್ಯಾಲಯ ತನ್ನದೇ ನಿಯಮದಂತೆ ಅವನನ್ನು ತೆಗೆದುಹಾಕಿತು. ಸ್ವಾರಸ್ಯವೆಂದರೆ ತೆಗೆದುಹಾಕಿದ ಸುದ್ದಿಯನ್ನು ಅವನಿಗೇ ಮುಟ್ಟಿಸಲಿಲ್ಲ! ವರ್ಷವರ್ಷವೂ ಶುಲ್ಕ ತೆಗೆದುಕೊಂಡಿತು, ಗುರುತಿನ ಚೀಟಿ ಕಳೆದುಹೋದಾಗ ಹೊಸದನ್ನು ಕೊಟ್ಟಿತು, ಪ್ರಬಂಧ ಬರೆಯಿಸಿತು. 1998ರಲ್ಲಿ ಪ್ರಮಾಣಪತ್ರ ಕೇಳಿದರೆ, ನೀನು ನಮ್ಮ ವಿದ್ಯಾರ್ಥಿಯೇ ಅಲ್ಲ ಎಂದಿತು.

ಹೈದಿಯಾನ್ ವಿಭಾಗದ ನ್ಯಾಯಾಲಯ 1999ರ ಫೆಬ್ರವರಿಯಲ್ಲಿ ಹುಡುಗನ ಪರವಾಗಿ ತೀರ್ಪಿತ್ತಿತು. ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಬಂದದ್ದು ಕಾನೂನಿನಿಂದ. ಆದುದರಿಂದ ಅದೂ ಈ ಶಾಸನಕ್ಕೆ ಬದ್ಧ. ಶಿಕ್ಷೆ ವಿಧಿಸುವುದಾದರೆ ಅವನಿಗೆ ತಿಳಿಸಬೇಕು, ಅವನ ಸಮಾಧಾನವನ್ನು ಕೇಳಬೇಕು. ಮೂವತ್ತು ದಿನಗಳಲ್ಲಿ ಪ್ರಮಾಣಪತ್ರ ಕೊಡಿ ಎಂದಿತು. ಮೇಲ್ಮನವಿಯಲ್ಲಿಯೂ ತೀರ್ಪು ನಿಂತಿತು. ಅಷ್ಟೇ ಅಲ್ಲ, 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮಾದರಿ ತೀರ್ಪುಗಳ ಸಾಲಿಗೆ ಸೇರಿಸಿತು. ರಾಜ್ಯಾಂಗದ ಮಹಾಮಂತ್ರವನ್ನು ನೆಚ್ಚಿದ್ದು ಅಳಿಸಿಹೋಯಿತು. 'ಅವನಿಗೊಂದು ಮಾತು ತಿಳಿಸಬೇಕಾಗಿತ್ತು' ಎಂಬ ಸಣ್ಣ ಮಾತು ಉಳಿಯಿತು. ಎಲ್ಲ ದೂರುಗಳೂ ಹೀಗೆ ಗೆಲ್ಲುತ್ತವೆಂದು ಭಾವಿಸಬೇಡಿ; ಪಕ್ಷದ ತೀರ್ಮಾನಗಳ ತನಕ ಈ ಶಾಸನದ ಕೈ ಚಾಚುವುದಿಲ್ಲ.

ಬೇರೆಯವರ ಹೆಸರು ಧರಿಸಿ ಅವರು ಗಳಿಸಿದ ಕಾಲೇಜು ಪ್ರವೇಶವನ್ನು ಅಪಹರಿಸುವುದು ಚೀನದಲ್ಲಿ ಪ್ರತ್ಯೇಕ ಅಪರಾಧವಾದದ್ದು 2021ರ ಮಾರ್ಚ್ 1ರಿಂದ. ಮೂರು ವರ್ಷಗಳ ತನಕ ಸೆರೆವಾಸ. ಯೂಲಿಂಗಳ ಪತ್ರ ಕಳುವಾಗಿ ಆಗ ಮೂವತ್ತು ವರ್ಷಗಳು ಕಳೆದಿದ್ದವು.

"ಆ ಸಹಪಾಠಿಯನ್ನು ಇಷ್ಟು ದಿನ ಬ್ಯಾಂಕಿನಲ್ಲಿ ಎಲ್ಲರೂ ಯೂಲಿಂಗ್ ಎಂದೇ ಕರೆದರಲ್ಲವೇ?" ಎಂದು ನನ್ನಾಕೆ ಹೊಸ್ತಿಲಲ್ಲಿ ನಿಂತು ಕೇಳಿದಳು. ಕಾನೂನಿನ ಮಾತಾಗುತ್ತಿದ್ದಾಗ ಅವಳು ಅಡಿಗೆಮನೆಯಿಂದ ಯಾವಾಗ ಹೊರಗೆ ಬಂದಳೋ ನಾವಿಬ್ಬರೂ ಗಮನಿಸಿರಲಿಲ್ಲ.

ಮರುದಿನ ಮತ್ತೆ ಪರೀಕ್ಷಾಮಂದಿರ. ಕೊನೆಯ ಸಾಲಿನ ಹುಡುಗನೊಬ್ಬ ಹೊರಗೆ ಹೋಗಿಬರಲು ಅಪ್ಪಣೆ ಕೇಳಿದ. ಹೋಗಿ ಬಾ ಎಂದೆ. ಅವನು ಬಾಗಿಲು ದಾಟುವ ತನಕ ನನ್ನ ಕಣ್ಣು ನೆಲದ ಮೇಲೆಯೇ ಇತ್ತು.