ಪ್ರಬಂಧ ಯಾರದು? ಹೆಸರು ಯಾರದು?

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ ಹತ್ತಿರ ಬಂತೆಂದರೆ ಕಾಲೇಜಿನ ಸುತ್ತಮುತ್ತಲ ಜೆರಾಕ್ಸ್ ಅಂಗಡಿಗಳಿಗೆ ಪುರುಸೊತ್ತಿರುವುದಿಲ್ಲ. ಹಿಂದಿನ ವರ್ಷದ ವರದಿಯೊಂದು ಬರುತ್ತದೆ. ಅದರ ಮೊದಲ ಪುಟ ಮಾತ್ರ ಬದಲಾಗಿ, ಹೊಸ ಹೆಸರು, ಹೊಸ ರಿಜಿಸ್ಟರ್ ನಂಬರು ಬೀಳುತ್ತವೆ. ಬೈಂಡಿಂಗ್ ಖರ್ಚು ಕೊಡುವವರು ಅಪ್ಪ-ಅಮ್ಮ. ಮಗ ಓದಿನಲ್ಲಿ ಮುಳುಗಿದ್ದಾನೆಂದೇ ಅವರ ನಂಬಿಕೆ.

ಇದರ ಹೆಸರು ಕೃತಿಚೌರ್ಯ. ಪದವಿ ತರಗತಿಯಲ್ಲಿ ಇದು ಸಣ್ಣ ಜಾಣತನದಂತೆ ಕಾಣುತ್ತದೆ. ಅದೇ ಹುಡುಗ ಮುಂದೆ ಪಿಎಚ್.ಡಿ.ಗೆ ಸೇರಿದಾಗ ಲೆಕ್ಕವೇ ಬೇರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಇದಕ್ಕೆಂದೇ ನಿಯಮಾವಳಿ ಹೊರಡಿಸಿದೆ. ಪ್ರಬಂಧವನ್ನು ತಂತ್ರಾಂಶದಲ್ಲಿ ಪರೀಕ್ಷಿಸಿದಾಗ ಬೇರೆ ಬರಹಗಳೊಡನೆ ಹೋಲಿಕೆ ಶೇ 10ರ ಒಳಗಿದ್ದರೆ ದಂಡನೆ ಇಲ್ಲ. ಶೇ 10 ದಾಟಿ 40ರವರೆಗೆ ಇದ್ದರೆ, ಗೊತ್ತುಪಡಿಸಿದ ಅವಧಿಯಲ್ಲಿ, ಅಂದರೆ ಹೆಚ್ಚೆಂದರೆ 6 ತಿಂಗಳಲ್ಲಿ, ತಿದ್ದಿ ಒಪ್ಪಿಸಬೇಕು. ಶೇ 40 ದಾಟಿ 60ರವರೆಗಾದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಒಪ್ಪಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಪದವಿ ಕೈಗೆ ಬಂದ ಮೇಲೆ ಕಳವು ಸಾಬೀತಾದರೂ ಆ ಪದವಿಯನ್ನು ಅಮಾನತಿನಲ್ಲಿಡಲು ಅವಕಾಶವಿದೆ. ‘ಶೋಧಗಂಗಾ’ ಜಾಲತಾಣದಲ್ಲಿ ಪ್ರಬಂಧಗಳು ಎಲ್ಲರಿಗೂ ತೆರೆದಿರುವುದರಿಂದ ಹೋಲಿಸಿ ನೋಡುವವರು ಯಾವಾಗಲೂ ಸಿಗಬಹುದು.

ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿಗಳು ಈ ನಿಯಮಾವಳಿಯ ಹೊರಗಿವೆ. ಆದರೆ ಚಟ ಹತ್ತುವುದು ಅಲ್ಲಿಯೇ.

ಶೇಕಡಾವಾರು ಅಂಕಿಯೇ ಕೊನೆಯ ತೀರ್ಪೆಂದು ಗಾಬರಿಯಾಗಬೇಕಿಲ್ಲ. ಮೂಲ ಹೇಳಿ ಉದ್ಧರಿಸಿದ ಮಾತು, ಗ್ರಂಥಸೂಚಿ, ಕಾನೂನು, ಸಮೀಕರಣಗಳನ್ನು ಲೆಕ್ಕದಿಂದ ಬಿಡಲಾಗುತ್ತದೆ. ಅಂತೆಯೇ ಅಂಕಿ ಕಡಿಮೆ ಬಂದ ಮಾತ್ರಕ್ಕೆ ಬರಹ ಶುದ್ಧವೆಂದೂ ಅಲ್ಲ. ಇಂಗ್ಲಿಷ್ ಪುಸ್ತಕದ ಅಧ್ಯಾಯವನ್ನು ಕನ್ನಡಕ್ಕೆ ತಂದು ಮೂಲ ಲೇಖಕರನ್ನು ಮರೆಮಾಚಿದರೆ ತಂತ್ರಾಂಶದ ಕಣ್ಣು ತಪ್ಪಿಸಬಹುದು. ಆದರೂ ಕಳವು ಕಳವೇ.

ಎಲ್ಲರೂ ಸೋಮಾರಿತನದಿಂದಲೇ ಕದಿಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಇಂಗ್ಲಿಷಿನಲ್ಲಿ ತನ್ನದೇ ವಾಕ್ಯ ಬರೆಯಲು ಅಂಜಿಕೆ. ಪುಸ್ತಕದ ವಾಕ್ಯ ಗಂಭೀರವಾಗಿ ಕಾಣುತ್ತದೆ, ಅದನ್ನೇ ಇಳಿಸಿಕೊಳ್ಳುತ್ತಾಳೆ. ಹೈಸ್ಕೂಲಿನಿಂದಲೂ ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿ ಬರೆದುದಕ್ಕೇ ಪೂರ್ತಿ ಅಂಕ ಸಿಕ್ಕಿದೆ. ಇದು ತಪ್ಪೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದಾರೆ?

ಹೇಳಿಕೊಡಬೇಕಾದುದು ಹೆಚ್ಚೇನೂ ಇಲ್ಲ. ಓದಿದ ಮೇಲೆ ಪುಸ್ತಕ ಮುಚ್ಚಿಟ್ಟು, ಅರ್ಥವಾದುದನ್ನು ಸ್ವಂತ ಮಾತಿನಲ್ಲಿ ಬರೆಯಬೇಕು. ಬಳಿಕ ಪುಸ್ತಕ ತೆರೆದು ತಾಳೆ ನೋಡಬೇಕು. ಟಿಪ್ಪಣಿ ಮಾಡುವಾಗಲೇ ಲೇಖಕರ ಹೆಸರು, ಪುಟಸಂಖ್ಯೆ ಗುರುತು ಹಾಕಿಕೊಳ್ಳಬೇಕು. ಇದ್ದಂತೆಯೇ ಎತ್ತಿಕೊಂಡ ಸಾಲಿಗೆ ಅಲ್ಲಿಯೇ ಉದ್ಧರಣ ಚಿಹ್ನೆ ಇರಲಿ. ತಿಂಗಳ ಬಳಿಕ ಯಾವ ಸಾಲು ಯಾರದೆಂದು ನೆನಪಿರುವುದಿಲ್ಲ.

ಅಧ್ಯಾಪಕರ ಪಾಲೂ ಇದೆ. ವರ್ಷವರ್ಷವೂ ಅದೇ ವಿಷಯ ಕೊಟ್ಟರೆ ಅದೇ ವರದಿ ಬರುತ್ತದೆ. ವಿದ್ಯಾರ್ಥಿಯ ಊರಿನ ಕೆರೆ, ಸಂತೆ, ಸಹಕಾರ ಸಂಘದ ಬಗ್ಗೆ ಕೇಳಿದರೆ ಅವನು ಹೋಗಿ ನೋಡಲೇಬೇಕು. ಕರಡನ್ನು ಮೊದಲೇ ತರಿಸಿ, ಹತ್ತು ನಿಮಿಷ ಎದುರು ಕೂರಿಸಿ ಪ್ರಶ್ನಿಸಿದರೆ ಯಾರು ಬರೆದದ್ದೆಂಬುದು ತಿಳಿಯುತ್ತದೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲಂತೂ ಈ ಹತ್ತು ನಿಮಿಷ ಇನ್ನೂ ಮುಖ್ಯವಾಗಿದೆ. ಅಂಥ ಯಂತ್ರ ಇಲ್ಲದ ಪುಸ್ತಕವನ್ನೂ ಇದೆಯೆಂದು ಹೆಸರಿಸಬಲ್ಲದು. ಕಣ್ಣುಮುಚ್ಚಿ ನಕಲಿಸಿದವನು ಸಿಕ್ಕಿಬೀಳುತ್ತಾನೆ.

ಮನೆಯಲ್ಲಿ ತಂದೆ-ತಾಯಿ ‘ಎಷ್ಟು ಮಾರ್ಕ್ಸ್ ಬಂತು?’ ಎನ್ನುವ ಮೊದಲು ‘ಹೊಸದೇನು ತಿಳಿದುಕೊಂಡೆ?’ ಎಂದು ಕೇಳಲಿ. ಅವರು ಶಾಲೆ ಕಲಿಯದಿದ್ದರೂ ಚಿಂತೆಯಿಲ್ಲ, ಸ್ವತಃ ಬರೆದ ಮಗು ಅವರಿಗೂ ತಿಳಿಯುವಂತೆ ಹೇಳಬಲ್ಲದು.

ಇನ್ನೊಬ್ಬರಿಂದ ಪಡೆಯುವುದು ಅವಮಾನವಲ್ಲ. ಕಾವ್ಯದ ಆರಂಭದಲ್ಲಿ ಪೂರ್ವಕವಿಗಳನ್ನು ನೆನೆಯುವುದು ಹಳಗನ್ನಡ ಕವಿಗಳ ಪದ್ಧತಿಯಾಗಿತ್ತು. ಅದರಿಂದ ಅವರ ಕೀರ್ತಿಗೆ ಕುಂದು ಬರಲಿಲ್ಲ. ಇಂದಿನ ವಿದ್ಯಾರ್ಥಿ ಅಡಿಟಿಪ್ಪಣಿಯಲ್ಲಿ ಮಾಡಬೇಕಾದುದೂ ಅಷ್ಟೇ.